ನವಾಜ ಜಾಗ ಮಾಡಿದ್ದು

ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ಡಿಸ್ಕ್ ತುಂಬಿದೆ ಎಂಬ ಸೂಚನೆ ಬಂತು. ನರಗುಂದದ ಗುಡ್ಡದ ಬುಡದಲ್ಲಿ ನವಾಜನದೊಂದು ಕಂಪ್ಯೂಟರ್ ಕ್ಲಾಸು. ಮಧ್ಯಾಹ್ನ ಗದಗಿನಿಂದ ತಪಾಸಣೆಯ ಸಾಹೇಬರು ಬಂದು ಒಪ್ಪಿದರೆ ಕ್ಲಾಸಿಗೆ ಸರಕಾರಿ ಮಾನ್ಯತೆ. ಇಲ್ಲದಿದ್ದರೆ ಇನ್ನೊಂದು ವರ್ಷ ಬರೀ ಟೈಪಿಂಗ್ ಕಲಿಸುತ್ತ ಕೂಡಬೇಕು. ಅವರಿಗೆ ತೋರಿಸಲೆಂದೇ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್ ಮಷೀನ್ ತಯಾರಿಸಿ, ಕೆಟ್ಟೀತೆಂದು ರಂಜಾನ್ ಮುಗಿದಾಗಿನಿಂದ ಮುಟ್ಟದೇ ಇಟ್ಟಿದ್ದ. ಅದು ಓಡಲು ಡಿಸ್ಕಿನಲ್ಲಿ ಖಾಲಿ ಜಾಗ ಬೇಕು.

ಜಾಗ ಎಲ್ಲಿಂದ ಬರಬೇಕು? ಓಣಿಯವರ ಲಗ್ನ, ತೊಟ್ಟಿಲ ಕಾರ್ಯಗಳ ವಿಡಿಯೊ, ಫೋಟೊಗಳೆಲ್ಲ ಅಲ್ಲೇ ಬಿಡಾರ ಹೂಡಿದ್ದವು.

ಪಕ್ಕದ ಕಾಳಿನಂಗಡಿಯ ದುರಗಪ್ಪನನ್ನು ಕೇಳಿದ. "ಕಾಕಾ, ನಿಮ್ಮ ಮಗಳ ಲಗ್ನದ ವಿಡಿಯೊ ತಗದು ಬಿಡ್ಲೇನ್ರಿ?"

"ಹುಚ್ಚ ಹಿಡದೈತೇನೋ ತಮ್ಮಾ? ಬೀಗರ ಬಂದ್ರ ಏನ್ ತೋರಸ್ಲಿ?"

ಎದುರುಮನೆಯ ಶರೀಫಾಬಿಯ ಮೊಮ್ಮಗನ ಫೋಟೊಗಳ ಮಾತೆತ್ತಿದ. "ಮುಟ್ಟಿ ನೋಡು, ನಿಮ್ಮ ಅಮ್ಮೀಗೆ ಹೇಳ್ತೀನಿ!"

ನವಾಜ ಹಲ್ಲು ಕಚ್ಚಿದ. ಇಂದು ಯಾರ ಮುಲಾಜಿಗೂ ಬೀಳಬಾರದು! ಬಹಳ ದಿನದಿಂದ ಯಾರೂ ತೆರೆಯದ ಫೈಲುಗಳನ್ನು ಮಧ್ಯಾಹ್ನದ ನಮಾಜಿನ ಹೊತ್ತಿಗೆ ಕಂಪ್ಯೂಟರ್ ತಾನೇ ಅಳಿಸುವಂತೆ ಏರ್ಪಾಟು ಮಾಡಿದ. ಆಮೇಲೆ ಸುಮ್ಮನಿರಬಾರದೇ? ಪಾಪ, ಪ್ರಾಮಾಣಿಕ. ಓಣಿಗೆಲ್ಲ ಸಾರಿಬಿಟ್ಟ.

"ತೆರದು ನೋಡದ್ದೆಲ್ಲಾ ಇವತ್ತ ಹೋಗತೈತ್ರಿ!"

ಓಣಿಗೆ ಓಣಿಯೇ ನುಗ್ಗಿತು. ದುರಗಪ್ಪ ಅಂಗಡಿ ಬಿಟ್ಟು ಬಂದು ಮಗಳ ಲಗ್ನ ಹಚ್ಚಿಸಿ, ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಕಣ್ಣೊರೆಸಿಕೊಂಡ. ಶರೀಫಾಬಿ ಒಂದೊಂದೇ ಫೋಟೊ ತೆರೆಸಿದಳು. "ಇದನ್ನೂ ತೆರದು ತೋರ್ಸು, ಇಲ್ಲಂದ್ರ ಹೋದೀತು." ನವಾಜನಿಗೆ ತನ್ನ ಕುರ್ಚಿಯೇ ಸಿಗಲಿಲ್ಲ.

ಬೇಸತ್ತು ನಮಾಜಿಗೆ ಹೋದವನು ಬಂದು ನೋಡುತ್ತಾನೆ, ಅರ್ಧ ಡಿಸ್ಕ್ ಖಾಲಿ!

"ಖರೇನ ಜಾಗ ಆತ್ರಿ!" ಎಂದು ಕುಣಿದ. ಅಷ್ಟರಲ್ಲಿ ಸಾಹೇಬರೂ ಬಂದರು.

"ಹೂಂ, ಒಳಗಿನ ಕಂಪ್ಯೂಟರ್ ತೋರಸ್ರಿ."

ನವಾಜ ಹುಡುಕಿದ. ಬೆವರೊರೆಸಿಕೊಂಡು ಮತ್ತೆ ಹುಡುಕಿದ. ಓಣಿಯವರದೆಲ್ಲ ಇದ್ದಲ್ಲೇ ಇತ್ತು. ಯಾರೂ ತೆರೆಯದೆ ಉಳಿದದ್ದು ಅವನು ಜೋಪಾನ ಮಾಡಿಟ್ಟ, ಅರ್ಧ ಡಿಸ್ಕ್ ಹಿಡಿದಿದ್ದ ವರ್ಚುವಲ್ ಮಷೀನ್ ಒಂದೇ. ಅದು ಹೋಗಿತ್ತು.

"ಮಾನ್ಯತೆ ಮುಂದಿನ ವರ್ಷ ನೋಡೂಣು ಬಿಡ್ರಿ" ಎಂದು ಸಾಹೇಬರು ಎದ್ದರು. ಬಾಗಿಲವರೆಗೆ ಹೋದವರು ತಿರುಗಿ ಬಂದು ಚೀಲದಿಂದ ಸಿ.ಡಿ. ತೆಗೆದರು.

"ಜಾಗ ಭಾಳ ಖಾಲಿ ಐತೆಲ್ರಿ. ನಮ್ಮ ತಂಗಿ ಲಗ್ನದ್ದು ಹಾಕಿಡ್ರಿ."

ದುರಗಪ್ಪ ಮುಂದೆ ಬಂದು ಸಾಹೇಬರಿಗೆ ಕುರ್ಚಿ ಎಳೆದುಕೊಟ್ಟ.

"ಆಗಾಗ ಬಂದು ನೋಡಿ ಹೋಗ್ರಿ ಸಾಹೇಬ್ರ. ಇಲ್ಲಂದ್ರ ಹೋಗತೈತಿ!"