ಮಾಮಾನ ರಿವರ್ಸ್ ಗೇರು

ನಮ್ಮ ಸೋದರಮಾವನ ಕಾರಿಗೆ ರಿವರ್ಸ್ ಗೇರ್ ಇದೆಯಂತೆ! ಹಾಗೆಂದು ಗ್ಯಾರೇಜಿನವನು ಹೇಳಿದ್ದ, ನಾವು ನಂಬಿದ್ದೆವು. ದೇವರಿದ್ದಾನೆ ಅಂದರೆ ನಂಬುವುದಿಲ್ಲವೇ? ಹಾಗೆ. ಕಣ್ಣಾರೆ ಕಂಡವರು ಮಾತ್ರ ಯಾರೂ ಇರಲಿಲ್ಲ.

ಮಾಮಾ ಅಕ್ಕಲಕೋಟ ತಾಲೂಕಿನ ಕರಜಗಿಯವರು. ಕುರಿ ಸಾಕಿದ ಮನೆತನ. ಈಗ ಕುರಿ ಕಡಿಮೆಯಾಗಿ, ಅವುಗಳ ಪಾಲಿನ ಪ್ರೀತಿಯೆಲ್ಲ ಒಂದು ಬಿಳಿ ಕಾರಿಗೆ ಸಿಕ್ಕಿದೆ. ಬೆಳಿಗ್ಗೆ ಎದ್ದು ಅದರ ಮೈ ಒರೆಸಿ, ಬಾನೆಟ್ಟಿಗೆ ಮನೆದೇವರು ಬೀರೋಬಾನ ಅರಿಸಿನದ ಭಂಡಾರ ಹಚ್ಚಿದ ಮೇಲೆಯೇ ಅವರಿಗೆ ಚಹಾ. ರಸ್ತೆ ನಿಯಮಗಳ ಬಗ್ಗೆಯಂತೂ ಸರಕಾರಕ್ಕೆ ಗೊತ್ತಿಲ್ಲದ್ದು ಅವರಿಗೆ ಗೊತ್ತು. "ಮಾಮಾ, ಇಂಡಿಕೇಟರ್ ಹಾಕ್ರಿ" ಅಂದರೆ, "ನಾ ಎಲ್ಲಿಗಿ ಹೊಂಟೀನಿ ಅಂತ ಕಂಡಕಂಡವ್ರಿಗೆಲ್ಲಾ ಯಾಕ ಹೇಳಬೇಕ?" ಎಂದು ನಮ್ಮನ್ನೇ ಕೇಳುತ್ತಾರೆ.

ರಿವರ್ಸ್ ಮಾತು ಬಂದರೆ ಮುಗಿಯಿತು. "ಮುಂದಕ್ಕ ಹೋಗಾಕ ಗೇರ್ ಎಷ್ಟ ಅದಾವ? ಐದ. ಹಿಂದಕ್ಕ? ಒಂದ! ಯಾವುದು ಮುಖ್ಯ ಅಂತ ಕಂಪನಿಯವ್ರಿಗೂ ಗೊತ್ತೈತಿ. ಕುರಿ ಹಿಂಡ ಎಂದಾದ್ರೂ ಹಿಂದಹಿಂದಕ್ಕ ನಡದದ್ದು ನೋಡೀಯೇನ?"

ಈ ಸಿದ್ಧಾಂತಕ್ಕಾಗಿ ಹಿತ್ತಲ ಗೋಡೆ ಒಡೆಸಿ ಇನ್ನೊಂದು ಗೇಟು ಇಡಿಸಿದರು. ಮುಂದಿನ ಗೇಟಿನಿಂದ ಒಳಗೆ, ಹಿಂದಿನ ಗೇಟಿನಿಂದ ಹೊರಗೆ. "ಕಳ್ಳರಿಗೂ ಚಲೋ ಆತು. ಬಂದ ದಾರೀಲೆ ತಿರುಗಿ ಹೋಗೋ ತ್ರಾಸ ಇಲ್ಲ" ಅಂದರು ಮಾಮಿ.

ಒಮ್ಮೆ ನಾಗಣಸೂರ ಕಡೆಯ ಸಣ್ಣ ಸೇತುವೆಯ ಮೇಲೆ ಎದುರಿಗೆ ಬಸ್ಸು ಬಂತು. ನಾವಿನ್ನೂ ಈ ತುದಿಯಲ್ಲಿದ್ದೆವು, ಅದು ಮುಕ್ಕಾಲು ಸೇತುವೆ ದಾಟಿತ್ತು. ಡ್ರೈವರ್ ತಲೆ ಹೊರಹಾಕಿ ಮರಾಠಿಯಲ್ಲಿ, "ಮಾಮಾ, ಗಾಡಿ ಮಾಗೆ ಘ್ಯಾ!" ಎಂದು ಕೂಗಿದ. ಗಾಡಿ ಹಿಂದಕ್ಕೆ ತೆಗೆಯಬೇಕಂತೆ! ಯಾರಿಗೆ ಹೇಳುತ್ತಿದ್ದಾನೆ, ಪಾಪ! ಮಾಮಾ ಎಂಜಿನ್ ಬಂದ್ ಮಾಡಿ ಎಲೆ ಅಡಿಕೆ ಚೀಲ ಬಿಚ್ಚಿದರು. ಬಸ್ಸು ಗುರ್ರೆನ್ನುತ್ತ ಇನ್ನೂ ಹತ್ತಿರ ಬಂತು. ಕೆಳಗೆ ತುಂಬಿದ ಹಳ್ಳ, ಪಕ್ಕದಲ್ಲಿ ಕಟ್ಟೆಯೂ ಇಲ್ಲ. ನಾನು ಬಾಗಿಲ ಹಿಡಿಕೆ ಗಟ್ಟಿಯಾಗಿ ಹಿಡಿದಿದ್ದೆ. ಹಿಂದಿನ ಸೀಟಿನಲ್ಲಿ ಮಾಮಿ ಕಣ್ಣು ಮುಚ್ಚಿ "ಬೀರೋಬಾ, ಬೀರೋಬಾ" ಅನ್ನುತ್ತಿದ್ದರು. ಕೊನೆಗೆ ಅಷ್ಟು ಜನರನ್ನು ಹೊತ್ತ ಬಸ್ಸೇ ಹಿಂದೆ ಸರಿಯಿತು.

"ಅವಗ ರಿವರ್ಸ್ ಭಾಳ ಚಲೋ ಬರ್ತೈತಿ!" ಎಂದು ಮಾಮಾ ಮೆಚ್ಚಿಕೊಂಡರು.

ಇಂಥವರು ನನಗೆ ಗಂಡು ನೋಡಲು ಸೋಲಾಪುರಕ್ಕೆ ಹೋಗಿ, ಹುಡುಗನಿಗಿಂತ ಓಣಿಯನ್ನೇ ಹೆಚ್ಚು ನೋಡಿ ಬಂದರು. "ಹುಡುಗ ಬಂಗಾರ. ಆದ್ರ ಓಣಿ ಮುಂದ ಬಂದ್ ಐತಿ, ಗ್ವಾಡಿ ಅದ. ಒಳಗ ಹೋದ ಗಾಡಿ ತಿರುಗಂಗಿಲ್ಲ. ಈ ಸೋಯರಿಕಿ ಬ್ಯಾಡ!"

ಅದೇ ಹುಡುಗನೊಂದಿಗೆ ಮದುವೆಯೇನೋ ಆಯಿತು. ಆದರೆ ಮಾಮಾನ ಕಾರು ನನ್ನ ಬಾಗಿಲಿಗೆ ಬರಲೇ ಇಲ್ಲ. ಹಬ್ಬಕ್ಕೆ ಕರೆಯಲು ಬಂದರೂ ದೊಡ್ಡ ರಸ್ತೆಯಲ್ಲೇ ನಿಂತು ಹಾರ್ನ್ ಹೊಡೆಯುವುದು, ನಾನು ಚೀಲ ಹೊತ್ತು ಓಡುವುದು. "ನಿಮ್ಮ ಮಾಮಾಗ ನಮ್ಮ ಬಾಗಲಾ ಸೇರಂಗಿಲ್ಲೇನವಾ?" ಎಂದು ಅತ್ತೆ ಕೇಳಿದಾಗ ನಗುತ್ತಿದ್ದೆ. ಒಳಗೊಳಗೆ ಬಹಳ ನೋವಾಗುತ್ತಿತ್ತು. ತವರಿನ ಗಾಡಿ ಒಂದು ಸಲವಾದರೂ ಬಾಗಿಲಲ್ಲಿ ನಿಲ್ಲಲಿ ಎಂಬ ಆಸೆ ಯಾವ ಹೆಣ್ಣಿಗಿಲ್ಲ?

ಹೋದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದೆ. ಕಾಲಿಗೆ ಪ್ಲಾಸ್ಟರ್ ಬಿತ್ತು. ಸುಧಾರಿಸಿಕೊಳ್ಳಲು ಕರಜಗಿಗೆ ಕರೆದೊಯ್ಯುತ್ತೇನೆಂದು ಮಾಮಾ ಫೋನ್ ಮಾಡಿದರು. ಹಾರ್ನ್ ಕೇಳಿದರೆ ದೊಡ್ಡ ರಸ್ತೆಯವರೆಗೆ ಹೇಗೆ ಹೋಗಲಿ ಎಂಬ ಚಿಂತೆ ನನಗೆ.

ಹಾರ್ನ್ ಕೇಳಲಿಲ್ಲ. ಕಿಟಕಿಯಲ್ಲಿ ನೋಡಿದರೆ ಮಾಮಾ ಓಣಿಯ ಒಂದೊಂದೇ ಬಾಗಿಲು ತಟ್ಟುತ್ತ, "ಹುಡುಗುರನ್ನ ಒಳಗ ಕರ್ಕೋರಿ" ಎಂದು ಕೈ ಮುಗಿಯುತ್ತಿದ್ದಾರೆ. ತಿರುಗಿ ಹೋಗಿ ಕಾರಿನ ಕೆಳಗೆ ಬಗ್ಗಿ ನೋಡಿದರು. ಮತ್ತೆ ಬಗ್ಗಿ ನೋಡಿದರು. ಆಮೇಲೆ ಆ ಬಿಳಿ ಕಾರು ಹಿಂದುಹಿಂದಕ್ಕೆ, ಇರುವೆಯ ನಡಿಗೆಯಲ್ಲಿ ಓಣಿಯೊಳಗೆ ಬರತೊಡಗಿತು! ಹಿಂದಿನಿಂದ ಮಾಮಿ ಕೈ ಬೀಸುತ್ತ, "ಬರ್ರಿ, ಬರ್ರಿ" ಅನ್ನುತ್ತಿದ್ದರು.

ಕಾರು ನನ್ನ ಬಾಗಿಲಲ್ಲಿ ನಿಂತಿತು. ಯಜಮಾನರು ನನ್ನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದರು. ಮಾಮಾ ಇಳಿಯಲೇ ಇಲ್ಲ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಎರಡೂ ಕೈ ಇನ್ನೂ ಸ್ಟಿಯರಿಂಗ್ ಬಿಟ್ಟಿರಲಿಲ್ಲ. ಬಸ್ಸಿನೆದುರು ಎಲೆ ಅಡಿಕೆ ಹಾಕಿಕೊಂಡ ಮನುಷ್ಯ ಇವರೇನಾ? ನನಗೇ ಹೆದರಿಕೆಯಾಯಿತು.

"ಇಷ್ಟ್ಯಾಕ ಅಂಜೀರಿ ಮಾಮಾ? ಹಿಂದ ಯಾರೂ ಇದ್ದಿಲ್ಲಲ್ಲ" ಅಂದೆ.

ಮಾಮಾ ಕನ್ನಡಿಯಲ್ಲಿ ನನ್ನನ್ನೇ ನೋಡಿದರು. "ಅವತ್ತೂ ಎಲ್ಲಾರೂ ಹಿಂಗ ಅಂದಿದ್ರು, ಯವ್ವಾ. ಹಿಂದ ನೀ ಇದ್ದಿ."

ಪಕ್ಕದಲ್ಲಿ ಕೂತ ಮಾಮಿ ನನ್ನ ಕೈ ಹಿಡಿದರು. "ನಿನಗ ಆಗ ಎರಡ ವರ್ಷ. ಇವ್ರು ಜೀಪ್ ಹಿಂದಕ್ಕ ತಗೊಳ್ಳಾಗ ನೀ ಅದರ ಹಿಂದ ಮಣ್ಣಾಗ ಆಡಾಕತ್ತಿದ್ದಿ. ಗಾಲಿ ನಿನ್ನ ಫ್ರಾಕಿನ ಅಂಚಿನ ಮ್ಯಾಲ ಬಂದು ನಿಂತಿತ್ತು."

ನಾನು ಮುಂದೆ ಬಾಗಿ ಆ ಒದ್ದೆ ಹೆಗಲ ಮೇಲೆ ಕೈ ಇಟ್ಟೆ.

"ನಾ ಈಗ ಒಳಗ ಕುಂತೀನಿ, ಮಾಮಾ. ನಡೀರಿ."