ಗೆಣಸಿಗೆ ಆಡಿದ ನಮ್ಮ ಭಾವ

ನಮ್ಮ ಭಾವ ಅಮೆರಿಕದಲ್ಲಿ ಪ್ರೊಫೆಶನಲ್ ರಗ್ಬಿ ಆಟಗಾರರಾಗಿದ್ರು ಅಂದ್ರೆ ನೀವು ನಂಬಲ್ಲ. ನಂಬಬೇಡಿ, ನನಗೇನೂ ಬೇಜಾರಿಲ್ಲ! ಅವರ ಹೊಟ್ಟೆ ನೋಡಿದವರು ಯಾರೂ ಇವತ್ತಿನವರೆಗೂ ನಂಬಿಲ್ಲ. ಮೂರು ಊರು, ಮೂರು ಕ್ಲಬ್ಬು, ಒಂದು ಬಿರುಕು ಬಿಟ್ಟ ಪಕ್ಕೆಲುಬು, ಮತ್ತೆ ಮೂಟೆಗಟ್ಟಲೆ ಗೆಣಸು. ಗೆಣಸು ಎಲ್ಲಿಂದ ಬಂತು ಅಂತೀರಾ? ತಾಳಿ, ಆ ವಿಷಯಕ್ಕೂ ಬರ್ತೀನಿ.

ಭಾವ ಅಂದ್ರೆ ನಮ್ಮಕ್ಕನ ಗಂಡ. ಅಪ್ಪಟ ಮೈಸೂರಿನವರು, ಕೊಬಾಲ್ ಅನ್ನೋ ಹಳೇ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯೋರು. ಎರಡು ಸಾವಿರನೇ ಇಸವಿ ಬಂದ ಕ್ಷಣ ಪ್ರಪಂಚದ ಕಂಪ್ಯೂಟರೆಲ್ಲ ತಲೆ ಕೆಟ್ಟು ಕೂತ್ಕೊಳ್ಳತ್ತೆ ಅಂತ ಅಮೆರಿಕದವರು ನಡುಗ್ತಿದ್ದ ಕಾಲ ಅದು. ಆ ಹೆದರಿಕೆಯ ಪುಣ್ಯದಿಂದ ಭಾವನಂಥವರಿಗೆಲ್ಲ ಕೆಲಸವೋ ಕೆಲಸ. ಶ್ಯಾಂಟಿಲಿಯಲ್ಲಿ ಮನೆ ಮಾಡಿದ್ರು. ನಾನು ಅಲ್ಲಿಂದ ಮುಕ್ಕಾಲು ಗಂಟೆ ದೂರದ ರಾಕ್‌ವಿಲ್‌ನಲ್ಲಿ ಮೂರು ಜನ ಬ್ರಹ್ಮಚಾರಿಗಳ ಜೊತೆ ಅಪಾರ್ಟ್‌ಮೆಂಟ್ ಹಂಚಿಕೊಂಡು ನೂಡಲ್ಸ್ ತಿನ್ಕೊಂಡಿದ್ದೆ. ಶನಿವಾರ ಬೆಳಗ್ಗೆ ಎದ್ದ ತಕ್ಷಣ ಅಕ್ಕನ ಮನೆ ಊಟಕ್ಕೆ ಕಾರು ತಾನಾಗೇ ತಿರುಗ್ತಿತ್ತು.

ಅಂಥ ಒಂದು ಶನಿವಾರ ಬಿಸಿಬೇಳೆಬಾತ್ ಹೊಡೆದು, ಅರಗಿಸ್ಕೊಳ್ಳೋಣ ಅಂತ ನಾನೂ ಭಾವಾನೂ ವಾಕಿಂಗ್ ಹೊರಟ್ವಿ. ಅಪಾರ್ಟ್‌ಮೆಂಟ್ ಹಿಂದಿನ ಮೈದಾನದಲ್ಲಿ ಒಂದಷ್ಟು ದಾಂಡಿಗರು ಒಬ್ಬರ ಮೇಲೊಬ್ಬರು ಬೀಳ್ತಿದ್ರು. ಕೈಯಲ್ಲಿ ಮೊಟ್ಟೆ ಆಕಾರದ ಚೆಂಡು. ಒಬ್ಬ ಅದನ್ನ ಹಿಡ್ಕೊಂಡು ಓಡ್ತಾನೆ, ಎದುರಿನವರು ಹಿಡಿದು ಕೆಡವ್ತಾರೆ, ಅವನು ಮಣ್ಣು ಕೊಡವ್ಕೊಂಡು ಎದ್ದು ಚೆಂಡನ್ನ ಕಾಲಲ್ಲಿ ಹಿಂದಕ್ಕೆ ಉರುಳಿಸ್ತಾನೆ, ಮತ್ತೆ ಶುರು. ಆರು ಸಲ ಕೆಡವಿಸ್ಕೊಂಡ್ರೆ ಚೆಂಡು ಎದುರು ಪಾರ್ಟಿಗೆ. ಕೊನೇ ಗೆರೆ ದಾಟಿ ಚೆಂಡನ್ನ ನೆಲಕ್ಕೆ ಒತ್ತಿದ್ರೆ ಅದಕ್ಕೆ ಟ್ರೈ ಅಂತಾರೆ, ಪಾಯಿಂಟು. ರಗ್ಬಿ ಲೀಗ್ ಅಂದ್ರೆ ಇಷ್ಟೇ. ನಿಮಗೆ ಇದಕ್ಕಿಂತ ಜಾಸ್ತಿ ಗೊತ್ತಿರಬೇಕಾಗಿಲ್ಲ, ಭಾವನಿಗೂ ಗೊತ್ತಿರಲಿಲ್ಲ.

ಭಾವ ಐದು ನಿಮಿಷ ಬಾಯಿ ಬಿಟ್ಕೊಂಡು ನೋಡಿದ್ರು. ಆಮೇಲೆ ನನ್ನ ತೋಳು ಹಿಡಿದು, "ಲೋ, ಇದು ನಮ್ಮ ಕಬಡ್ಡೀನೇ ಕಣಯ್ಯ! ಚೆಂಡೊಂದು ಎಕ್ಸ್‌ಟ್ರಾ ಅಷ್ಟೇ," ಅಂದ್ರು.

"ಭಾವ, ಅವರು ಒಬ್ಬೊಬ್ಬರೂ ಕಬ್ಬಿಣದ ಬೀರು ಇದ್ದಂಗಿದಾರೆ. ಮನೆಗೆ ನಡೀರಿ."

ಯಾರು ಕೇಳ್ತಾರೆ? ಹದಿಮೂರು ಜನ ಬೇಕಾದ ಟೀಮಿನಲ್ಲಿ ಅವತ್ತು ಹನ್ನೆರಡೇ ಜನ ಬಂದಿದ್ರು. ಕೋಚು ಇಂಗ್ಲೆಂಡಿನವನು, ಮೂಗು ಎರಡು ಕಡೆ ಸೊಟ್ಟಗಿತ್ತು. ಭಾವನ್ನ ಮೇಲಿಂದ ಕೆಳಗೆ ನೋಡಿ, ಹೊಟ್ಟೆಯ ಮೇಲೆ ಸ್ವಲ್ಪ ಹೊತ್ತು ಕಣ್ಣು ನಿಲ್ಲಿಸಿ, ಗತಿಯಿಲ್ಲದೆ ಒಂದು ಜರ್ಸಿ ಎಸೆದ. ಭಾವನ ವೃತ್ತಿಜೀವನ ಹೀಗೆ ಶುರುವಾಯ್ತು.

ಮುಂದಿನ ವಾರವೇ ಮೊದಲ ಮ್ಯಾಚು. ಚೆಂಡು ಕೈಗೆ ಬಂತು, ಭಾವ ಓಡಿದ್ರು, ಇಬ್ಬರು ಹಿಡಿದು ಕೆಡವಿದ್ರು. ಅಲ್ಲಿಗೆ ಎಲ್ಲ ಸರಿಯಾಗೇ ಇತ್ತು. ಆಮೇಲೆ ಭಾವ ಎದ್ದು, ಚೆಂಡನ್ನ ಪಕ್ಕದವನ ಕೈಗೆ ಮರ್ಯಾದೆಯಿಂದ ಕೊಟ್ಟು, ನೆಟ್ಟಗೆ ಮೈದಾನದ ಹೊರಗೆ ನಡ್ಕೊಂಡು ಬಂದು ನನ್ನ ಪಕ್ಕ ಚಕ್ಕಂಬಕ್ಕಳ ಹಾಕ್ಕೊಂಡು ಕೂತುಬಿಟ್ರು! ಕೋಚು ಕಿರುಚ್ತಾ ಬಂದ, "ವಾಟ್ ಆರ್ ಯೂ ಡೂಯಿಂಗ್, ಮೇಟ್?"

"ಐ ಯಾಮ್ ಔಟ್," ಅಂದ್ರು ಭಾವ, ಸಮಾಧಾನವಾಗಿ.

"ಔಟ್ ಅನ್ನೋದು ಈ ಆಟದಲ್ಲಿ ಇಲ್ಲ! ಒಳಗೆ ಹೋಗು!"

ಭಾವ ತಲೆ ಅಲ್ಲಾಡಿಸಿದ್ರು. ಕಬಡ್ಡಿಯಲ್ಲಿ ಸಿಕ್ಕಿಬಿದ್ದೋನು ಹೊರಗೆ ಕೂರಬೇಕು, ನಮ್ಮವರು ಎದುರಿನವರಲ್ಲಿ ಒಬ್ಬನನ್ನ ಔಟ್ ಮಾಡಿದಾಗ ಅವನಿಗೆ ಜೀವ ಬರತ್ತೆ, ಆಗ ವಾಪಸ್ ಹೋಗಬಹುದು. ಅದನ್ನ ಪಾಪ ಇಂಗ್ಲಿಷಿನಲ್ಲಿ ವಿವರಿಸೋಕೆ ನೋಡಿದ್ರು: "ನೋ, ನೋ. ಫಸ್ಟ್ ಒನ್ ಆಫ್ ದೆಮ್ ಶುಡ್ ಡೈ. ದೆನ್ ಐ ವಿಲ್ ಕಮ್ ಅಲೈವ್."

ಕೋಚು ಅವರ ರಟ್ಟೆ ಹಿಡಿದು ಒಳಗೆ ತಳ್ಳಿದ. ಎದುರು ಟೀಮಿನವನೊಬ್ಬ ಇದನ್ನ ಕೇಳಿಸ್ಕೊಂಡಿದ್ದ. ಅವತ್ತು ಆಟ ಮುಗಿಯೋವರೆಗೂ ಆ ಮನುಷ್ಯ ಭಾವನ ಹತ್ತಿರ ಸುಳಿಯಲಿಲ್ಲ.

ಆದ್ರೂ ಭಾವನ್ನ ಟೀಮಿನಿಂದ ತೆಗೀಲಿಲ್ಲ. ಯಾಕೆ ಅಂದ್ರೆ ಕಾಲು ಹಿಡಿಯೋದ್ರಲ್ಲಿ ಅವರದ್ದು ಎತ್ತಿದ ಕೈ. ಎಂಥ ಭೀಮಸೇನ ಓಡಿಬರ್ಲಿ, ಬಗ್ಗಿ ಹಿಮ್ಮಡಿಗೆ ಕೈ ಹಾಕಿದ್ರೆ ಮುಗೀತು, ಅವನು ದಬಾರ್ ಅಂತ ನೆಲಕ್ಕೆ. ಅಕ್ಕನಿಗೆ ಇದನ್ನ ಹೆಮ್ಮೆಯಿಂದ ಹೇಳಿದಾಗ ಅವಳು ಸೌಟು ಕೆಳಗಿಟ್ಟು, "ಆಫೀಸಿನಲ್ಲಿ ಯಾರ ಕಾಲೂ ಹಿಡಿಯೋಕೆ ಬರದೆ ಪ್ರಮೋಷನ್ ಕಳ್ಕೊಂಡ್ರಿ. ಇಲ್ಲಿ ವಾರವಾರ ಪುಕ್ಕಟೆ ಹಿಡೀತಿದೀರಲ್ಲ!" ಅಂದ್ಲು.

ಅಕ್ಕನಿಗೆ ಈ ಆಟ ಕಂಡ್ರೆ ಆಗ್ತಿರಲಿಲ್ಲ. ಮ್ಯಾಚಿಗೆ ಬರ್ತಿದ್ಲು, ಬರದೆ ಇನ್ನೇನು, ಗಾಯ ಆದ್ರೆ ವ್ಯಾನ್ ಡ್ರೈವ್ ಮಾಡೋರು ಬೇಕಲ್ಲ! ಎರಡು ಗ್ಯಾಲನ್ ಕ್ಯಾನಿನಲ್ಲಿ ಶುಂಠಿ, ಕರಿಬೇವು ಹಾಕಿದ ಮಜ್ಜಿಗೆ ತಂದು ಟೀಮಿಗೆ ಕೊಟ್ಟು, ಹೋಗಿ ವ್ಯಾನಿನಲ್ಲಿ ಕೂತ್ಕೊಂಡು ಗಾಜು ಏರಿಸಿಬಿಡ್ತಿದ್ಲು. "ಅಕ್ಕ, ಬಂದು ನೋಡೇ," ಅಂದ್ರೆ, "ಗಂಡಸರು ಹಂದಿಗಳ ಥರ ಮಣ್ಣಲ್ಲಿ ಹೊರಳಾಡೋದನ್ನ ನೋಡೋಕೆ ನಂಗೇನು ಗ್ರಹಚಾರಾನಾ?" ಅನ್ನೋಳು.

ಒಂದು ದಿನ ಭಾವ ಕಾರಿನಲ್ಲಿ ಬಾಯಿಬಿಟ್ಟು ಹೇಳಿದ್ರು. "ಕಾಲೇಜಲ್ಲಿ ಕಬಡ್ಡಿ ಟೀಮಲ್ಲಿದ್ದೆ ಕಣಯ್ಯ. ಎಲ್ಲಾ ಊರಿಗೂ ಹೋದೆ, ಒಂದು ಸಲಾನೂ ಒಳಗೆ ಬಿಡಲಿಲ್ಲ. ಗ್ರೂಪ್ ಫೋಟೋಗೆ ಮಾತ್ರ ಕರೀತಿದ್ರು. ನಂಗೆ ಒಂದೇ ಒಂದು ಟ್ರೈ ಹೊಡೀಬೇಕು. ಒಂದ್ಸಲ ಆ ಗೆರೆ ದಾಟಬೇಕು. ಅಷ್ಟಾದ್ರೆ ಸಾಕು, ಬಿಟ್ಬಿಡ್ತೀನಿ." ನಾನು ನಗೋಣ ಅಂದ್ಕೊಂಡೆ, ಅವರ ಮುಖ ನೋಡಿ ರಸ್ತೆ ಕಡೆ ತಿರುಗಿದೆ. ಕಾಲು ಹಿಡಿಯೋರಿಗೆ ಚೆಂಡು ಸಿಗೋದೇ ಅಪರೂಪ, ಟ್ರೈ ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಶ್ಯಾಂಟಿಲಿಯ ಪ್ರಾಜೆಕ್ಟ್ ಮುಗೀತು. ದೊಡ್ಡ ದೊಡ್ಡ ಆಟಗಾರರನ್ನ ಕ್ಲಬ್ಬಿನವರು ಪೈಪೋಟಿ ಮೇಲೆ ಕೊಂಡ್ಕೋತಾರಂತೆ. ನಮ್ಮ ಭಾವನಿಗೆ ಕ್ಲಬ್ ಬದಲಾಗ್ತಿದ್ದದ್ದು ಕೊಬಾಲ್ ಎಲ್ಲಿಗೆ ಕರೆದ್ರೆ ಅಲ್ಲಿಗೆ. ಈ ಸಲ ಅಟ್ಲಾಂಟಾ ಕರೀತು. ಮನೆಗೆ ಪಾತ್ರೆ ಹೊಂದಿಸೋ ಮೊದಲೇ ಅಲ್ಲಿನ ಟೀಮ್ ಹುಡುಕಿದ್ರು. "ನನ್ನ ಟ್ರಾನ್ಸ್‌ಫರ್ ಆಯ್ತು ಕಣಯ್ಯ," ಅಂತ ಫೋನಿನಲ್ಲಿ ಗತ್ತಿನಿಂದ ಹೇಳ್ಕೊಂಡ್ರು.

ಅಟ್ಲಾಂಟಾದಲ್ಲಿ ಬಡ್ತಿಯೂ ಸಿಕ್ತು. ಮೈದಾನದ ಅಂಚಿನಲ್ಲಿ ಓಡೋ ಜಾಗ ಕೊಟ್ರು, ಟ್ರೈ ಹೊಡೆಯೋರ ಜಾಗ ಅದು! ಜುಲೈ ಲಾಂಗ್ ವೀಕೆಂಡಿಗೆ ನಾನೂ ಹೋಗಿದ್ದೆ. ಹೆಂಚು ಕಾದಂಗೆ ಬಿಸಿಲು. ಭಾವನಿಗೆ ಚೆಂಡು ಸಿಕ್ತು. ಎದುರಿಗೆ ಒಬ್ಬನೇ. ಅವನು ಹಾರಿ ಹಿಡಿಯೋಕೆ ನೋಡಿ, ಗುರಿ ತಪ್ಪಿ ಅಂಗಾತ ಬಿದ್ದ. ಭಾವ ಅವನ ಮೇಲಿಂದ ಚಂಗನೆ ನೆಗೆದ್ರು. ಮುಂದೆ ಖಾಲಿ ಹುಲ್ಲು, ಅದರಾಚೆ ಗೆರೆ. ನಾನು ಎದ್ದು ನಿಂತು ಕೂಗ್ತಿದೀನಿ. ಆಗ ಭಾವ ಗಕ್ಕನೆ ನಿಂತ್ರು. ತಿರುಗಿದ್ರು. ವಾಪಸ್ ಓಡಿಬಂದು, ಬಿದ್ದಿದ್ದ ಆ ಮನುಷ್ಯನನ್ನ ಈ ಕಡೆಗೆ ಇನ್ನೊಂದ್ಸಲ ದಾಟಿದ್ರು! ಅಷ್ಟರಲ್ಲಿ ಎದುರು ಟೀಮಿನ ಅರ್ಧ ಜನ ಬಂದು ಅವರ ಮೇಲೆ ಕೂತಾಗಿತ್ತು. ಪಕ್ಕೆಲುಬು ಬಿರುಕು ಬಿಟ್ಟಿದ್ದು ಅವತ್ತೇ.

"ಏನು ಭಾವ ಇದು? ವಾಪಸ್ ಯಾಕೆ ಬಂದ್ರಿ?" ಅಂತ ಮನೆಗೆ ಬಂದ ಮೇಲೆ ನಾನು ತಲೆ ಚಚ್ಚಿಕೊಂಡೆ.

"ಮಲಗಿದ್ದೋನನ್ನ ದಾಟಿಬಿಟ್ಟೆ ಕಣಯ್ಯ. ವಾಪಸ್ ದಾಟದೇ ಇದ್ರೆ ಅವನು ಬೆಳೆಯಲ್ಲ."

"ಭಾವ, ಅವನು ಆಗಲೇ ಆರೂವರೆ ಅಡಿ ಇದಾನೆ!"

"ಇರಬಹುದು. ಯಾರದೋ ಮನೆ ಮಗ, ನಂಗ್ಯಾಕೆ ಆ ಪಾಪ?" ಅಂದ್ರು, ಪಕ್ಕೆ ಹಿಡ್ಕೊಂಡು ನರಳ್ತಾ. ಅವರು ಈ ಆಟ ಶುರುಮಾಡಿದ ಮೇಲೆ ಅಕ್ಕ ಅವರ ಪರ ನಿಂತಿದ್ದು ಅದೇ ಮೊದಲ ಸಲ. "ಅವರು ಮಾಡಿದ್ದು ಸರಿಯಾಗೇ ಇದೆ, ಸುಮ್ನಿರೋ," ಅಂತ ನನಗೇ ಬೈದು ಬಿಸಿ ನೀರಿನ ಚೀಲ ತರೋಕೆ ಹೋದ್ಲು.

ಮುಂದಿನ ವರ್ಷ ಕೊಬಾಲ್ ನಾರ್ತ್ ಕ್ಯಾರೊಲೈನಾಕ್ಕೆ ಕರೀತು. ನನ್ನ ಕೆಲಸಾನೂ ಅಲ್ಲೇ ಇರೋ ರಿಸರ್ಚ್ ಟ್ರಯಾಂಗಲ್ ಪಾರ್ಕಿಗೇ ಬಂದಿತ್ತು, ಹಾಗಾಗಿ ಎಲ್ಲರೂ ಒಂದೇ ಕಾಂಪ್ಲೆಕ್ಸಿನಲ್ಲಿ ಮನೆ ಮಾಡಿದ್ವಿ. ಭಾವ ಪ್ರೊಫೆಶನಲ್ ಆಗಿದ್ದು ಇಲ್ಲಿ. ಅಲ್ಲಿನ ಟೀಮಿಗೆ ಒಬ್ಬ ದೊಡ್ಡ ರೈತ ಸ್ಪಾನ್ಸರ್. ಆಡಿದವರಿಗೆಲ್ಲ ಮ್ಯಾಚಿಗಿಷ್ಟು ಅಂತ ಸಂಬಳ! ಭಾವ ಸ್ವರ್ಗಕ್ಕೆ ಮೂರೇ ಗೇಣು ಅಂತ ಕುಣಿದ್ರು. ಆದ್ರೆ ವೀಸಾ? ಕರೆಸಿಕೊಂಡ ಕಂಪನಿ ಬಿಟ್ಟು ಬೇರೆಯವರಿಂದ ಕಾಸು ಮುಟ್ಟೋ ಹಾಗಿಲ್ಲ. ಇಮಿಗ್ರೇಷನ್ ಲಾಯರ್‌ಗೆ ಫೋನ್ ಮಾಡಿದ್ರು. ಆತ, "ಯಾವ ಥರದ ಕೆಲಸ? ಪ್ರೋಗ್ರಾಮಿಂಗಾ?" ಅಂದನಂತೆ. "ಅಲ್ಲ, ರಗ್ಬಿ," ಅಂದ್ರಂತೆ ಭಾವ. ಲಾಯರ್, ಮನೇಲಿ ಬೇರೆ ಯಾರಾದ್ರೂ ದೊಡ್ಡವರು ಇದ್ರೆ ಫೋನ್ ಕೊಡಿ ಅಂದ.

ಸಂಬಳ ಬೇಡ ಅಂತ ಭಾವ ಕೈಮುಗಿದಾಗ ಆ ರೈತನಿಗೆ ಬಹಳ ಕೆಡುಕೆನಿಸ್ತು. ಅವನು ಬೆಳೀತಿದ್ದದ್ದು ಗೆಣಸು. ಸರಿ, ಪ್ರತಿ ಮ್ಯಾಚ್ ಆದ ಮೇಲೂ ಒಂದು ಮೂಟೆ ಗೆಣಸು ತಂದು ಪ್ರೀತಿಯಿಂದ ವ್ಯಾನಿಗೆ ಏರಿಸೋನು. ಗೆಣಸಿನ ಪಲ್ಯ, ಗೆಣಸಿನ ಹುಳಿ, ಗೆಣಸಿನ ಹೋಳಿಗೆ, ಬಾಲ್ಕನಿ ತುಂಬ ಗೆಣಸಿನ ಹಪ್ಪಳ! ಅರಿಶಿನ ಕುಂಕುಮಕ್ಕೆ ಬಂದ ಆಂಟಿಯರಿಗೆ ತಾಂಬೂಲದ ಜೊತೆ ಎರಡೆರಡು ಗೆಣಸು. ಆಟದಿಂದ ಹೊಟ್ಟೆ ಹೊರೆಯೋನೇ ಪ್ರೊಫೆಶನಲ್ ಅನ್ನೋದಾದ್ರೆ, ಆ ಬೇಸಿಗೆ ಪೂರ್ತಿ ನಮ್ಮೆಲ್ಲರ ಹೊಟ್ಟೆ ಹೊರೆದಿದ್ದು ಭಾವನ ಆಟವೇ! ಲಾಯರ್‌ಗೆ ಮಾತ್ರ ಗೆಣಸಿನ ಸುದ್ದಿ ಎತ್ತಬೇಡಿ ಅಂತ ಅಕ್ಕ ತಾಕೀತು ಮಾಡಿದ್ಲು.

ಇಷ್ಟೆಲ್ಲಾ ಆದ್ರೂ ಟ್ರೈ ಮಾತ್ರ ಇಲ್ಲ. ಅಷ್ಟರಲ್ಲಿ ಸತ್ಯನಾರಾಯಣ ಪೂಜೆ ಬಂತು. ಹಿಂದಿನ ದಿನದ ಮ್ಯಾಚಿನಲ್ಲಿ ಯಾರದೋ ಮೊಣಕೈ ತಗುಲಿ ಭಾವನ ಬಲಗಣ್ಣು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು, ಮಂಡಿಯೂ ಊದಿತ್ತು. ರಗ್ಬಿ ಅಂದ್ರೆ ಯಾರು ನಂಬ್ತಾರೆ? ಬಂದವರೆಲ್ಲ ಭಾವನ ಕಣ್ಣು ನೋಡೋದು, ಆಮೇಲೆ ಅಕ್ಕನ ಕೈ ನೋಡೋದು. ಕೊನೆಗೆ ಹಿರಿಯ ಆಂಟಿಯೊಬ್ಬರು ಅಕ್ಕನ್ನ ಅಡುಗೆಮನೆಗೆ ಕರ್ಕೊಂಡು ಹೋಗಿ, "ಕೋಪ ಎಲ್ರಿಗೂ ಬರತ್ತಮ್ಮ. ಆದ್ರೆ ಗಂಡನ ಮೇಲೆ ಕೈ ಎತ್ತಬಾರದು," ಅಂತ ಬುದ್ಧಿ ಹೇಳಿದ್ರು.

ಅವತ್ತು ಸಂಜೆ ಅಕ್ಕ ಸಿಡಿದ್ಲು. "ಮುಂದಿನ ಶನಿವಾರ ಈ ಸೀಸನ್ನಿನ ಕೊನೇ ಮ್ಯಾಚ್ ತಾನೇ? ಅದೇ ನಿಮ್ಮ ಕೊನೇ ಮ್ಯಾಚೂ ಆಗಬೇಕು. ಆಮೇಲೆ ಆ ಮೊಟ್ಟೆ ಚೆಂಡು ನನ್ನ ಕಣ್ಣಿಗೆ ಬಿದ್ರೆ ನೋಡಿ!" ಅಂದ್ಲು. ಭಾವ ಪ್ರಸಾದದ ಬಟ್ಟಲು ಹಿಡ್ಕೊಂಡು, "ಆಯ್ತು ಕಣೇ," ಅಂದ್ರು. ಅಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಸಂಕಟ ಆಯ್ತು.

ಕೊನೇ ಮ್ಯಾಚು ಬಂತು. ಅಕ್ಕ ಎಂದಿನಂತೆ ಮಜ್ಜಿಗೆ ಇಳಿಸಿ ವ್ಯಾನಿನಲ್ಲಿ ಕೂತ್ಲು. ಮಂಡಿ ಊದಿದ್ದರಿಂದ ಕೋಚು ಭಾವನ್ನ ಹೊರಗೇ ಕೂರಿಸಿದ್ದ, ಆಟ ಮುಗಿಯೋ ಹೊತ್ತಿಗೆ ಒಳಗೆ ಬಿಟ್ಟ. ಗೆರೆಯ ಹತ್ತಿರವೇ ಚೆಂಡು ಸಿಕ್ತು. ಒಬ್ಬ ಸೊಂಟ ಹಿಡಿದ, ಇನ್ನೊಬ್ಬ ಕಾಲಿಗೆ ಬಿದ್ದ, ಮತ್ತೊಬ್ಬ ಬೆನ್ನೇರಿದ. ನಮ್ಮ ಭಾವ, ನಲವತ್ತರ ಹತ್ತಿರದ ಕೊಬಾಲ್ ಮನುಷ್ಯ, ಉಸಿರು ಕಟ್ಟಿ "ಕಬಡ್ಡಿ ಕಬಡ್ಡಿ ಕಬಡ್ಡಿ" ಅಂತ ಗೊಣಗ್ತಾ ಮೂರು ಬೀರುಗಳನ್ನ ಎಳ್ಕೊಂಡು ಹೋದ್ರು. ನಾನು ನಗ್ತಿರಲಿಲ್ಲ. ಬಿದ್ರು, ಬಿದ್ದಲ್ಲಿಂದ ಕೈ ಚಾಚಿದ್ರು, ಚೆಂಡನ್ನ ಗೆರೆ ಆಚೆ ಊರಿದ್ರು. ರೆಫರಿ ಸೀಟಿ ಊದಿ ತಲೆ ಅಲ್ಲಾಡಿಸಿದ. ಎದುರಿನವರು ಹಿಡಿದಿರೋವಾಗ, ಗೆರೆ ದಾಟೋ ಮುಂಚೆ, ಚೆಂಡು ಹಿಡಿದ ಕೈ ನೆಲಕ್ಕೆ ತಾಗಿದ್ರೆ ಅಲ್ಲಿಗೆ ಓಟ ಮುಗೀತು ಅಂತ ನಿಯಮ. ಕೈ ಮೊದಲೇ ತಾಗಿತ್ತು, ಟ್ರೈ ಇಲ್ಲ ಅಂದ. ಆಟವೂ ಮುಗೀತು.

ಭಾವ ಬೋರಲು ಮಲಗೇ ಇದ್ರು. ಓಡಿಹೋದೆ. ಮುಖ ಎತ್ತದೆ, "ಟ್ರೈ ಬಂತೇನಯ್ಯ?" ಅಂದ್ರು. ನಾನು ಪಕ್ಕದಲ್ಲಿ ಕೂತು ಅವರ ಬೆನ್ನಿನ ಮಣ್ಣು ಕೊಡವಿದೆ.

ವ್ಯಾನಿನ ಬಾಗಿಲು ದಢಾರ್ ಅಂತು. ಅಕ್ಕ ಚೂಡಿದಾರದ ಮೇಲೆ ಸ್ನೀಕರ್ಸ್ ಹಾಕ್ಕೊಂಡು ಮೈದಾನದ ಮಧ್ಯ ಬಿರಬಿರನೆ ಬರ್ತಿದ್ಲು. ಭಾವನ ಹತ್ತಿರ ಅಲ್ಲ, ನೇರ ರೆಫರಿ ಹತ್ತಿರ. "ಅವರ ಕೈ ನೆಲಕ್ಕೆ ಎಲ್ಲಿ ತಾಗಿತ್ತು?" ಅಂತ ಇಂಗ್ಲಿಷಿನಲ್ಲಿ ಝಾಡಿಸಿದ್ಲು. "ಮೊಣಕೈ ಆ ಟೀಮಿನ ನಾಲ್ಕನೇ ನಂಬರಿನವನ ತೊಡೆ ಮೇಲಿತ್ತು, ನಾನು ನೋಡಿದೀನಿ! ಹೋದ ತಿಂಗಳೂ ಹೀಗೇ ಆಗಿತ್ತು, ಆಗ ಆ ಕಡೆಯವರಿಗೆ ಟ್ರೈ ಕೊಟ್ರಲ್ಲ! ಇವರಿಗ್ಯಾಕಿಲ್ಲ?"

ನಾನು ದಂಗಾದೆ. ರೆಫರಿ "ಸಾರಿ, ಮ್ಯಾಮ್," ಅಂದ, ತೀರ್ಪು ಬದಲಾಗಲಿಲ್ಲ. ಅಕ್ಕ ಬಂದು ಮಣ್ಣಲ್ಲೇ ಕೂತು, ಭಾವನ ತಲೆ ಎತ್ತಿ ತೊಡೆ ಮೇಲಿಟ್ಕೊಂಡು ದುಪ್ಪಟ್ಟಾದಿಂದ ಮುಖ ಒರೆಸಿದ್ಲು.

"ನೀನು ನೋಡ್ತಿದ್ಯೇನೇ?" ಅಂದ್ರು ಭಾವ.

"ಎಲ್ಲಾ ಮ್ಯಾಚೂ ನೋಡಿದೀನಿ. ಗಾಜು ಏರಿಸ್ಕೋತಿದ್ದದ್ದು ನಾನು ಕಿರುಚೋದು ಹೊರಗೆ ಕೇಳಬಾರದು ಅಂತ." ಅಕ್ಕ ಊದಿದ ಮಂಡಿ ಕಡೆ ಕೈ ತೋರಿಸಿದ್ಲು. "ಆ ಮಂಡಿಗೆ ಈ ಚಳಿಗಾಲ ಎಣ್ಣೆ ಹಾಕಿ ತಿಕ್ಕಬೇಕು. ಹೀಗೇ ಬಿಟ್ರೆ ಮುಂದಿನ ಸೀಸನ್ ಹೇಗೆ ಓಡ್ತೀರಿ?"

ಪಕ್ಕೆಲುಬು ಬಿರುಕು ಬಿಟ್ಟಾಗಲೂ ಕಣ್ಣಲ್ಲಿ ನೀರು ಹಾಕದ ಮನುಷ್ಯ, ಎರಡೂ ಟೀಮಿನ ಎದುರು ಬಿಕ್ಕಿ ಬಿಕ್ಕಿ ಅತ್ತುಬಿಟ್ರು. "ಇದೇ ಕೊನೇ ಮ್ಯಾಚು ಅಂದಿದ್ಯಲ್ಲೇ," ಅಂದ್ರು.

"ನಾನು ನೂರು ಹೇಳ್ತೀನಿ," ಅಂದ್ಲು ಅಕ್ಕ, ತಾನೂ ಅಳ್ತಾ. "ಯಾವತ್ತು ಕೇಳಿದೀರಿ, ಇವತ್ತು ಕೇಳೋಕೆ?"