ಬಚ್ಚಲಿನ ಬೀಗ

ವೃದ್ಧಾಶ್ರಮದ ವಾರ್ಡನ್‌ಗೆ ಇದ್ದ ಒಂದೇ ಚಿಂತೆ ಬಚ್ಚಲಿನದು. ಹೋದ ಸಲ ತಪಾಸಣೆಗೆ ಬಂದಿದ್ದ ಇನ್‌ಸ್ಪೆಕ್ಟರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಹೊರಟುಹೋಗಿದ್ದರು. "ಈ ಸಲವೂ ಹಾಗಾದರೆ ಆಶ್ರಮ ಇರುತ್ತೆ, ನೀನಿರಲ್ಲ" ಎಂದು ಕಾರ್ಯದರ್ಶಿ ಹೇಳಿಬಿಟ್ಟಿದ್ದರು.

ಇವತ್ತು ಮತ್ತೆ ತಪಾಸಣೆ. ಅದಕ್ಕೇ ವಾರ್ಡನ್ ನಸುಕಿನಲ್ಲೇ ಎದ್ದು, ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಅನ್ನುವಷ್ಟು ತಿಕ್ಕಿ ತೊಳೆದು, ಬಚ್ಚಲಿಗೆ ಬೀಗ ಜಡಿದ. ಹಿತ್ತಲಲ್ಲಿ ಹಳೆಯ ಪಾಯಿಖಾನೆ ಇತ್ತಲ್ಲ, ಒಂದು ದಿನದ ಮಟ್ಟಿಗೆ ಎಲ್ಲರೂ ಸುಧಾರಿಸಿಕೊಳ್ಳಲಿ. ಆದರೆ ಅವನದು ಬೆಣ್ಣೆಯಂಥ ಮನಸ್ಸು. ಯಾರಾದರೂ ಮುಖ ಸಪ್ಪೆ ಮಾಡಿದರೆ ಕರಗಿಬಿಡುತ್ತಾನೆ. ಹಾಗಾಗಿ ಕೀಲಿಯನ್ನು ಆಶ್ರಮದಲ್ಲೇ ಇದ್ದ ಗಾರ್ಡ್ ತಾತನಿಗೆ ಒಪ್ಪಿಸಿದ. ತಾತ ಬ್ಯಾಂಕಿನ ಬಾಗಿಲು ಕಾಯುತ್ತಲೇ ತಲೆ ನರೆತವರು.

"ತಾತ, ಇನ್‌ಸ್ಪೆಕ್ಟರಿಗೆ ತೆಗೆದು ತೋರಿಸಿ, ಮತ್ತೆ ಬೀಗ ಹಾಕಿ. ಅವರು ಗೇಟು ದಾಟೋ ತನಕ ಯಾರಿಗೂ ಕೊಡಬೇಡಿ. ನಾನು ಕೇಳಿದ್ರೂ."

"ನೀನು ಕೇಳಿದ್ರೂ" ಎಂದು ತಾತ ಕೀಲಿಯನ್ನು ಬನಿಯನ್ನಿನೊಳಗೆ ಇಳಿಬಿಟ್ಟರು.

ಮೊದಲು ಬಂದಿದ್ದು ಟೈಲರ್ ಅಜ್ಜಿ. ಹಿತ್ತಲಿಗೆ ಮೆಟ್ಟಿಲಿಳಿಯಬೇಕು, ಅಜ್ಜಿಯ ಮಂಡಿ ಮಡಚುತ್ತಿರಲಿಲ್ಲ.

"ಬೀಗ ತೆಗೆಯಪ್ಪ."

"ಇನ್ನೇನು ಬಂದುಬಿಡ್ತಾರೆ ಅಜ್ಜಿ" ಎಂದ ವಾರ್ಡನ್.

"ನನಗೂ ಇನ್ನೇನು ಬಂದುಬಿಡುತ್ತೆ."

ಪಕ್ಕದ ಮಂಚದವರು ಬೆಡ್‌ಪ್ಯಾನ್ ತಂದರು. "ನಾನಿನ್ನೂ ಹಾಸಿಗೆ ಹಿಡಿದಿಲ್ಲ" ಎಂದು ಅಜ್ಜಿ ಅದನ್ನು ಕಾಲಿನಿಂದ ಆಚೆ ತಳ್ಳಿದರು. ವಾರ್ಡನ್ ಅಜ್ಜಿಯನ್ನೇ ಹಿತ್ತಲಿಗೆ ಎತ್ತಿಕೊಂಡು ಹೋಗಲು ಬಗ್ಗಿದ. "ಕಟ್ಟಿಕೊಂಡ ಗಂಡನೇ ಎತ್ತಲಿಲ್ಲ, ನೀನ್ಯಾಕೆ ಎತ್ತುತ್ತೀಯ" ಎಂದು ಕೈಮೇಲೆ ಹೊಡೆದು, ಬಚ್ಚಲಿನ ಎದುರಿಗಿದ್ದ ಬೆಂಚಿನ ಮೇಲೆ ಕಾಲಿಗೆ ಕಾಲು ಒತ್ತಿ ಕೂತರು.

ಮಧ್ಯಾಹ್ನವಾಯಿತು. ಇನ್‌ಸ್ಪೆಕ್ಟರ ಸುಳಿವಿಲ್ಲ. ಅಜ್ಜಿಯ ಮುಖ ನೋಡಲಾರದೆ ವಾರ್ಡನ್ ಹೋಗಿ ತಾತನ ಮುಂದೆ ನಿಂತ.

"ತಾತ, ಅಜ್ಜಿಗೊಬ್ಬರಿಗೆ."

"ಕೊಡಬೇಡಿ ಅಂದೋನು ಯಾರು?"

"ನಾನೇ."

"ಮತ್ತೆ?"

ಸಂಜೆ ಹೊತ್ತಿಗೆ ಜೀಪು ಬಂತು. ತಾತ ಸಲ್ಯೂಟ್ ಹೊಡೆದು, ಬೀಗ ತೆಗೆದು, ತೋರಿಸಿ, ಮತ್ತೆ ಬೀಗ ಹಾಕಿದರು. ಇನ್‌ಸ್ಪೆಕ್ಟರು ಕೈಯಲ್ಲಿದ್ದ ಫೈಲು ಮುಚ್ಚಿದರು. ಆಮೇಲೆ ಮೆಲ್ಲಗೆ ಹೇಳಿದರು:

"ನಮ್ಮಮ್ಮನಿಗೆ ಒಂದು ಜಾಗ ಹುಡುಕ್ತಿದ್ದೆ. ಎಲ್ಲ ಆಶ್ರಮದ ಬಚ್ಚಲೂ ನೋಡಿದೋನು ನಾನು, ಎಲ್ಲೂ ಬಿಡೋಕೆ ಮನಸ್ಸು ಬರಲಿಲ್ಲ. ಇಲ್ಲಾದ್ರೆ ಬಿಡಬಹುದು. ಜೀಪಲ್ಲೇ ಕೂತಿದ್ದಾರೆ, ಕರ್ಕೊಂಡು ಬರ್ತೀನಿ."

ವಾರ್ಡನ್‌ನ ಕೆಲಸ ಉಳಿಯಿತು.

ಕೋಲೂರಿಕೊಂಡು ತಾಯಿ ಒಳಗೆ ಬಂದರು. ಗೋಡೆ ನೋಡಲಿಲ್ಲ, ಮಂಚ ನೋಡಲಿಲ್ಲ.

"ಮೊದಲು ಬಚ್ಚಲಿಗೆ ಬಿಡಪ್ಪ. ದಾರಿ ದೂರ ಆಯ್ತು."

"ತಾತ, ಕೀಲಿ" ಎಂದ ವಾರ್ಡನ್. ದನಿ ಅವನಿಗೇ ಕೇಳಿಸಲಿಲ್ಲ.

ತಾತ ಎದೆ ಸೆಟೆಸಿ ನಿಂತರು. "ಸಾಹೇಬರು ಇನ್ನೂ ಗೇಟು ದಾಟಿಲ್ಲ."

ಇನ್‌ಸ್ಪೆಕ್ಟರು ಬೀಗ ನೋಡಿದರು, ವಾರ್ಡನ್‌ನನ್ನು ನೋಡಿದರು, ಜೇಬಿನಿಂದ ಕರವಸ್ತ್ರ ತೆಗೆದರು. ಈ ಸಲ ಮೂಗಿಗಲ್ಲ, ಹಣೆಗೆ.

ಟೈಲರ್ ಅಜ್ಜಿ ಬೆಂಚಿನ ಮೇಲೆ ತುಸು ಸರಿದು ಜಾಗ ಮಾಡಿದರು.

"ಬಾಮ್ಮ, ಕೂತ್ಕೋ. ನಾನು ಬೆಳಿಗ್ಗೆಯಿಂದ ಕಾಯ್ತಿದೀನಿ. ನನ್ನದಾದ ಮೇಲೆ ನಿಂದು."